ಒಂದೇ ಓಣಿಯ ಜ್ವರ, ಒಂದೇ ಓಲೆಯ ತಪ್ಪು

ಹೋದ ವರ್ಷ ಮಳೆಗಾಲದಲ್ಲಿ ವಿಜಯಪುರದ ನಮ್ಮ ಅಕ್ಕನ ಮಗನಿಗೆ ಜ್ವರ ಬಂತು. ಹುಡುಗನಿಗೆ 11 ವರ್ಷ. ಸಂಜೆಯಾದರೆ ಮೈ ಕೆಂಡ, ಬೆಳಿಗ್ಗೆ ಸ್ವಲ್ಪ ತಣ್ಣಗೆ. ಮೂರನೇ ದಿನ ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿನಲ್ಲೇ ಟೈಫಾಯಿಡ್‌ಗೆಂದು ಮಾಡುವ ವಿಡಾಲ್ ಎಂಬ ರಕ್ತಪರೀಕ್ಷೆಯ ಚೀಟಿ ಬಂತು. 'ಟೈಫಾಯಿಡ್ ಐತಿ' ಎಂದರು. ಸೂಜಿ ಮಾಡಿದರು, ಸಲಾಯಿನ್ ಹಚ್ಚಿದರು, ಗುಳಿಗೆ ಬರೆದುಕೊಟ್ಟರು. ಐದು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಬ್ಲಡ್ ಕಲ್ಚರ್‌ಗೆಂದು, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ನೋಡಲೆಂದು, ರಕ್ತ ತೆಗೆದರು. ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ. ಐದು ದಿನದ ಔಷಧಿ ಜ್ವರ ಬಿಡಿಸಿರಲಿಲ್ಲ, ಆದರೆ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ತಲೆ ಎತ್ತದಂತೆ ಮಾಡಿತ್ತು. ಡಾಕ್ಟರು ಅಂದಾಜಿನ ಮೇಲೆ ಔಷಧಿ ಬದಲಿಸಿದರು. ಹುಡುಗ ಗುಣವಾದ, ದೇವರ ದಯೆ.

ಆದರೆ ಅದೇ ತಿಂಗಳು ಆ ಓಣಿಯಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಜ್ವರ ಬಂದಿತ್ತು. ಎಲ್ಲರಿಗೂ ಒಂದೇ ರೋಗಾಣುವಾ? ಒಂದೇ ನಳದಿಂದ ಬಂತಾ? ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು ಅಂತ ಅಕ್ಕ ನನ್ನನ್ನೇ ಕೇಳಿದಳು: "ತಮ್ಮಾ, ಇದು ಎಲ್ಲಿಂದ ಬಂತು ಅಂತ ಹೇಳಾಕ ಆಗೂದಿಲ್ಲೇನು?"

ಹೇಳಬಹುದು. ಅದಕ್ಕೊಂದು ದಾರಿ ಇದೆ. ಅದರ ಹೆಸರು ಜೀನೋಮ್ ಸೀಕ್ವೆನ್ಸಿಂಗ್. ಕೊರೊನಾ ಕಾಲದಲ್ಲಿ ಈ ಮಾತು ಎಲ್ಲರ ಕಿವಿಗೆ ಬಿತ್ತು. ಹೇಗೆ ಕೆಲಸ ಮಾಡುತ್ತದೆ ಅಂತ ಮಾತ್ರ ಯಾರೂ ಸಮಾಧಾನವಾಗಿ ಹೇಳಲಿಲ್ಲ. ಅಕ್ಕನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ರೋಗದ ಬಗ್ಗೆ ಎರಡು ಮಾತು. ಟೈಫಾಯಿಡ್ ತರುವುದು ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ. ಪುಸ್ತಕದ ಕನ್ನಡದಲ್ಲಿ ವಿಷಮಶೀತ ಜ್ವರ. ಮರಾಠಿಯವರು 'ಮುದತೀಚಾ ತಾಪ' ಎನ್ನುತ್ತಾರೆ, ಅಂದರೆ ಮುದ್ದತು ಮುಗಿಯುವ ತನಕ ಬಿಡದ ಜ್ವರ. ಔಷಧಿ ಇಲ್ಲದ ಕಾಲದಲ್ಲಿ ಆ ಮುದ್ದತು ಮೂರು-ನಾಲ್ಕು ವಾರ. ಕೆಲವರಿಗೆ ಕರುಳು ತೂತು ಬಿದ್ದು ಜೀವವೇ ಹೋಗುತ್ತಿತ್ತು. 1948ರಲ್ಲಿ ಕ್ಲೋರಾಂಫೆನಿಕಾಲ್ ಎಂಬ ಔಷಧಿಯಿಂದ ಟೈಫಾಯಿಡ್ ಗುಣವಾಗುತ್ತದೆ ಅಂತ ಗೊತ್ತಾಯಿತು. ಆಗ ಜನ ಉಸಿರು ಬಿಟ್ಟರು. 1972ರ ಹೊತ್ತಿಗೆ ಮೆಕ್ಸಿಕೊದಲ್ಲಿ, ನಮ್ಮ ಕೇರಳದಲ್ಲಿ ಅದಕ್ಕೆ ಬಗ್ಗದ ಟೈಫಾಯಿಡ್ ಹಬ್ಬಿತು. 80ರ ದಶಕದ ಕೊನೆಗೆ ಮೂರು ಹಳೆಯ ಔಷಧಿಗಳು ಒಟ್ಟಿಗೇ ಕೈಕೊಟ್ಟವು. ಆಮೇಲೆ ಸಿಪ್ರೋಫ್ಲಾಕ್ಸಾಸಿನ್ ಬಂತು, ಅದೂ ಹೆಚ್ಚು ವರ್ಷ ಬಾಳಲಿಲ್ಲ. ಇವತ್ತು ನಮ್ಮ ದೇಶದಲ್ಲಿ ಸಿಗುವ ಟೈಫಿ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಸಿಪ್ರೋಗೆ ಸರಿಯಾಗಿ ಬಗ್ಗುವುದಿಲ್ಲ. ನಾವು ಈಗ ನೆಚ್ಚಿಕೊಂಡಿರುವುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಅದೇ ಬಳಗದ ಸೆಫಿಕ್ಸಿಮ್ ಗುಳಿಗೆ, ಮತ್ತೆ ಅಜಿತ್ರೋಮೈಸಿನ್. ಇಷ್ಟೇ ಉಳಿದಿರುವುದು ಅಂತ ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಈಗ ಜೀನೋಮ್ ವಿಷಯ. ಪ್ರತಿ ಬ್ಯಾಕ್ಟೀರಿಯಾದ ಒಳಗೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇರುತ್ತದೆ. ಅದನ್ನು ಬರಹ ಅಂದುಕೊಳ್ಳಿ. ಆ ಪೂರ್ತಿ ಬರಹವೇ ಜೀನೋಮ್, ಅದನ್ನು ಅಕ್ಷರ ಅಕ್ಷರವಾಗಿ ಓದುವುದೇ ಸೀಕ್ವೆನ್ಸಿಂಗ್. ಅದರಲ್ಲಿ ಎ, ಸಿ, ಜಿ, ಟಿ ಅಂತ ನಾಲ್ಕೇ ಅಕ್ಷರ. ಟೈಫಿಯ ಬರಹದಲ್ಲಿ ಅಂಥ ಸುಮಾರು 48 ಲಕ್ಷ ಅಕ್ಷರಗಳಿವೆ. ಒಂದು ಪುಟಕ್ಕೆ 1500 ಅಕ್ಷರದಂತೆ ಅಚ್ಚು ಹಾಕಿದರೆ 3200 ಪುಟ. ಈ ಬರಹವನ್ನು ಮೊದಲ ಸಲ ಪೂರ್ತಿ ಓದಿ 2001ರಲ್ಲಿ ಪ್ರಕಟಿಸಿದರು. ಓದಿದ್ದು ವಿಯೆಟ್ನಾಮಿನ ಒಬ್ಬ ರೋಗಿಯಿಂದ 1993ರಲ್ಲಿ ಸಿಕ್ಕಿದ್ದ ಬ್ಯಾಕ್ಟೀರಿಯಾವನ್ನು. ಅದಕ್ಕೆ ಸಿಟಿ18 ಅಂತ ಹೆಸರು. ಇವತ್ತಿಗೂ ಹೊಸ ಮಾದರಿ ಬಂದರೆ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಹೋಲಿಸುವುದು ರೂಢಿ.

ಬ್ಯಾಕ್ಟೀರಿಯಾ ಒಂದು ಎರಡಾಗುವಾಗ ಈ 48 ಲಕ್ಷ ಅಕ್ಷರಗಳನ್ನೂ ನಕಲು ಮಾಡಬೇಕು. ನಕಲು ಅಂದ ಮೇಲೆ ತಪ್ಪು ಇದ್ದೇ ಇರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ವಿಜಯಪುರದವರು ದೂರ ಹೋಗಬೇಕಿಲ್ಲ. ವಕೀಲಿಕೆ ಮಾಡಿಕೊಂಡಿದ್ದ ಫ. ಗು. ಹಳಕಟ್ಟಿಯವರು ಇದೇ ಊರಲ್ಲಿದ್ದುಕೊಂಡು ವಚನಗಳ ಓಲೆಗರಿ ಕಟ್ಟುಗಳನ್ನು ಹುಡುಕಿ ಕೂಡಿಸಿದರು. ಹಳೆಯ ಗ್ರಂಥಗಳನ್ನು ಸಂಪಾದಿಸುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಓಲೆಯಿಂದ ಓಲೆಗೆ ನಕಲು ಮಾಡುವವನು ಎಲ್ಲೋ ಒಂದು ಕಡೆ 'ಮನೆ' ಎಂಬುದನ್ನು 'ಮೊನೆ' ಅಂತ ಬರೆದುಬಿಡುತ್ತಾನೆ. ಅವನ ಓಲೆಯನ್ನು ನೋಡಿ ಬರೆದುಕೊಂಡ ಎಲ್ಲರ ಪ್ರತಿಯಲ್ಲೂ 'ಮೊನೆ' ಬರುತ್ತದೆ. ಅವರಲ್ಲೊಬ್ಬ ಮುಂದೆ 'ನೀರು' ಬದಲು 'ನೇರು' ಅಂತ ಇನ್ನೊಂದು ತಪ್ಪು ಸೇರಿಸುತ್ತಾನೆ. ಈಗ ಹತ್ತು ಊರಿನ ಹತ್ತು ಕಟ್ಟುಗಳನ್ನು ಎದುರಿಗಿಟ್ಟುಕೊಂಡರೆ ಯಾವುದು ಯಾವುದರ ವಂಶ ಅಂತ ಹೇಳಬಹುದು. ಸರಿ ಇರುವ ಅಕ್ಷರ ಎಲ್ಲರಲ್ಲೂ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನೆಂಟಸ್ತಿಕೆ ತೋರಿಸುವುದು ಒಟ್ಟಿಗೆ ಹಂಚಿಕೊಂಡ ತಪ್ಪು.

ರೋಗಾಣುವಿನ ವಂಶವೃಕ್ಷ ಬರೆಯುವುದೂ ಹೀಗೆಯೇ. ಇಬ್ಬರು ರೋಗಿಗಳ ಟೈಫಿಯಲ್ಲಿ ಅದೇ ಜಾಗದ ಅದೇ ಅಕ್ಷರ ತಪ್ಪಿದ್ದರೆ ಅವು ಹತ್ತಿರದ ನೆಂಟರು. ಟೈಫಿ ಬಹಳ ನಿಧಾನ ಬದಲಾಗುವ ಬ್ಯಾಕ್ಟೀರಿಯಾ. ಹೆಚ್ಚುಕಡಿಮೆ ಎರಡು ವರ್ಷಕ್ಕೆ ಒಂದು ಅಕ್ಷರ ತಪ್ಪುತ್ತದೆ ಅಂತ ಲೆಕ್ಕ. ಹಾಗಾಗಿ ಎರಡು ಮಾದರಿಗಳ ನಡುವೆ 40 ಅಕ್ಷರ ವ್ಯತ್ಯಾಸ ಕಂಡರೆ ಅವು ದೂರವಾಗಿ ದಶಕಗಳೇ ಆಗಿವೆ. ಒಂದೇ ನಳದ ನೀರು ಕುಡಿದು ಇಬ್ಬರಿಗೂ ಜ್ವರ ಬಂತು ಎನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು. ವ್ಯತ್ಯಾಸ ಸೊನ್ನೆ ಅಥವಾ ಒಂದು ಅಂತ ಬಂದರೆ ಮೂಲ ಒಂದೇ ಇರಬಹುದು, ಹುಡುಕಬೇಕು.

ಔಷಧಿಗೆ ಬಗ್ಗದ ಗುಣವೂ ಇದೇ ಬರಹದಲ್ಲಿ ಕಾಣುತ್ತದೆ. ಅದು ಎರಡು ಬಗೆಯಲ್ಲಿ ಬರುತ್ತದೆ. ಒಂದು, ಅಕ್ಷರ ತಪ್ಪಿ ಬರುವುದು. ಸಿಪ್ರೋಫ್ಲಾಕ್ಸಾಸಿನ್ ಹಿಡಿದುಕೊಳ್ಳುವ ಜಾಗದ ಜೀನ್‌ನಲ್ಲಿ (ಜೀನ್ ಅಂದರೆ ಈ ಬರಹದ ಒಂದು ವಾಕ್ಯ ಅಂದುಕೊಳ್ಳಿ) 'ಟಿಸಿಸಿ' ಅಂತ ಇರಬೇಕಾದ ಕಡೆ 'ಟಿಟಿಸಿ' ಆಗಿದೆ ಅನ್ನಿ. 48 ಲಕ್ಷದಲ್ಲಿ ಒಂದೇ ಅಕ್ಷರ. ಅಷ್ಟಕ್ಕೇ ಔಷಧಿಯ ಹಿಡಿತ ಸಡಿಲವಾಗುತ್ತದೆ. ಇನ್ನೊಂದು, ಹೊರಗಿನ ಗರಿ ಬಂದು ಸೇರುವುದು. ಕಟ್ಟಿನ ನಡುವೆ ಯಾರೋ ಬೇರೆ ಓಲೆ ತುರುಕಿದರೆ ಗ್ರಂಥ ಸಂಪಾದಕರು ಅದನ್ನು ಪ್ರಕ್ಷಿಪ್ತ ಎನ್ನುತ್ತಾರೆ ಅಲ್ವಾ? ಬ್ಯಾಕ್ಟೀರಿಯಾದಲ್ಲಿ ಅಂಥ ಗರಿಯ ಹೆಸರು ಪ್ಲಾಸ್ಮಿಡ್. ಅದು ಡಿಎನ್‌ಎಯ ಒಂದು ಸಣ್ಣ ಬಳೆ. ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೆ ದಾಟುತ್ತದೆ. ಮೂರು-ನಾಲ್ಕು ಔಷಧಿಗಳಿಗೆ ಬಗ್ಗದ ವಿದ್ಯೆ ಒಂದೇ ಬಳೆಯಲ್ಲಿ ಇರಬಹುದು. ಅಕ್ಷರ ತಪ್ಪುವುದಕ್ಕೆ ವರ್ಷಗಳು ಬೇಕು, ಬಳೆ ಕೈ ಬದಲಾಗಲು ಒಂದು ರಾತ್ರಿ ಸಾಕು.

ಇದರ ದೊಡ್ಡ ಉದಾಹರಣೆ ಪಾಕಿಸ್ತಾನದ್ದು. 2016ರ ನವೆಂಬರಿನಲ್ಲಿ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯಿಡ್ ಕಾಣಿಸಿತು. ಹಳೆಯ ಮೂರು ಔಷಧಿ ಕೆಲಸ ಮಾಡುತ್ತಿರಲಿಲ್ಲ, ಸಿಪ್ರೋ ಇಲ್ಲ, ಸೆಫ್ಟ್ರಿಯಾಕ್ಸೋನ್ ಇಲ್ಲ. ಗುಳಿಗೆಯಾಗಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ. ಜೀನೋಮ್ ಓದಿದಾಗ ಎರಡು ವಿಷಯ ತಿಳಿಯಿತು. ಮಾದರಿಗಳೆಲ್ಲ ತೀರಾ ಹತ್ತಿರದ ನೆಂಟರು, ಅಂದರೆ ಒಂದೇ ತಳಿ ಹಬ್ಬುತ್ತಿದೆ. ಮತ್ತೆ, ಅದರೊಳಗೆ ಹೊಸ ಪ್ಲಾಸ್ಮಿಡ್ ಸೇರಿದೆ. ಅದು ನಮ್ಮೆಲ್ಲರ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಕಂಡಿದ್ದ ಪ್ಲಾಸ್ಮಿಡ್ಡನ್ನೇ ಹೋಲುತ್ತಿತ್ತು. ಟೈಫಿ ಹೊಸದಾಗಿ ಏನನ್ನೂ ಕಲಿತಿರಲಿಲ್ಲ, ನೆರೆಯವರಿಂದ ಕಡ ತಂದಿತ್ತು. ಪಾಕಿಸ್ತಾನಕ್ಕೆ ಹೋಗಿ ಬ್ರಿಟನ್ನಿಗೆ ಮರಳಿದ ಒಬ್ಬ ಪ್ರಯಾಣಿಕನ ಟೈಫಿಯೂ ಇದೇ ತಳಿ ಅಂತ ಜೀನೋಮಿನಿಂದಲೇ ಗೊತ್ತಾಯಿತು. 2018ರ ಡಿಸೆಂಬರ್ ಹೊತ್ತಿಗೆ ಸಿಂಧ್‌ನಲ್ಲಿ ಇಂಥ ಜ್ವರದ 5000ಕ್ಕೂ ಹೆಚ್ಚು ರೋಗಿಗಳು ಲೆಕ್ಕಕ್ಕೆ ಸಿಕ್ಕಿದ್ದರು. ಮುಂದಿನ ವರ್ಷ ಪಾಕಿಸ್ತಾನ ಟೈಫಾಯಿಡ್‌ನ ಹೊಸ ಲಸಿಕೆಯನ್ನು ಮಕ್ಕಳ ಲಸಿಕೆ ಪಟ್ಟಿಗೆ ಸೇರಿಸಿತು.

ನಮಗೆ ಇನ್ನೂ ಹತ್ತಿರದ್ದು ಮುಂಬೈ. ಬೆಳಗಾವಿಯಿಂದ, ವಿಜಯಪುರದಿಂದ ದಿನಾ ರಾತ್ರಿ ಬಸ್ಸು ಹೋಗುವ ಊರು. ಅಲ್ಲಿಯೂ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಟೈಫಿ ಸಿಕ್ಕಿದೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ನೋಡಿದರೆ ಅದೂ ಪಾಕಿಸ್ತಾನದ್ದೂ ಒಂದೇ ತರ. 'ಈ ಔಷಧಿ ಕೆಲಸ ಮಾಡುವುದಿಲ್ಲ' ಅಂತ ಎರಡೂ ಹೇಳುತ್ತವೆ. ಅಲ್ಲಿಂದಲೇ ಬಂದಿರಬೇಕು ಅಂತ ಯಾರಾದರೂ ಊಹಿಸುವುದು ಸಹಜ. ಜೀನೋಮ್ ಓದಿದಾಗ ಆ ಊಹೆ ತಪ್ಪು ಅಂತ ತಿಳಿಯಿತು. ಮುಂಬೈ ತಳಿಯಲ್ಲಿದ್ದ ಪ್ಲಾಸ್ಮಿಡ್ ಬೇರೆ, ಅದರಲ್ಲಿದ್ದ ಜೀನೂ ಬೇರೆ. ಅಂದರೆ ಇದು ಇಲ್ಲೇ, ತನ್ನಷ್ಟಕ್ಕೆ ಬೇರೆಯಾಗಿ ಹುಟ್ಟಿಕೊಂಡಿದೆ. ಈ ವ್ಯತ್ಯಾಸ ಸಣ್ಣದಲ್ಲ. ಹೊರಗಿನಿಂದ ಬಂದದ್ದಾದರೆ ಬರುವ ದಾರಿ ಕಾಯಬೇಕು. ಇಲ್ಲೇ ಹುಟ್ಟಿದ್ದಾದರೆ ನಮ್ಮ ಔಷಧಿ ಬಳಕೆ, ನಮ್ಮ ಗಟಾರ, ನಮ್ಮ ನೀರು ನೋಡಬೇಕು.

ಇಷ್ಟೆಲ್ಲ ಓದಲು ಮೊದಲು ಕೈಗೆ ಬ್ಯಾಕ್ಟೀರಿಯಾ ಸಿಗಬೇಕಲ್ಲ. ನಾನು ದಿನಾ ನೋಡುವ ಕೆಲಸ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟೈಫಾಯಿಡ್ ರೋಗಿಯ ಒಂದು ಮಿಲಿ ರಕ್ತದಲ್ಲಿ ಎಷ್ಟು ಬ್ಯಾಕ್ಟೀರಿಯಾ ಇರುತ್ತದೆ ಗೊತ್ತಾ? ಸಾಮಾನ್ಯವಾಗಿ ಒಂದು. ಎಷ್ಟೋ ಸಲ ಒಂದೂ ಇರುವುದಿಲ್ಲ. ಅದಕ್ಕೇ ದೊಡ್ಡವರಿಂದ 8-10 ಮಿಲಿ ರಕ್ತ ತೆಗೆಯಬೇಕು. 'ಇಷ್ಟು ರಕ್ತ ಯಾಕ್ರಿ' ಅಂತ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಕಾರಣ ಇದು. ಆ ರಕ್ತ ಒಂದು ಬಾಟಲಿಗೆ ಹೋಗುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಸಾರು ಇರುತ್ತದೆ. 37 ಡಿಗ್ರಿ ಬೆಚ್ಚಗೆ ಐದಾರು ದಿನ ಇಡುತ್ತೇವೆ. ಬೆಳೆದರೆ ಒಂದೆರಡು ದಿನದಲ್ಲೇ ಸುಳಿವು ಸಿಗುತ್ತದೆ. ಅದರಲ್ಲಿ ಒಂದು ಹನಿ ತೆಗೆದು ತಟ್ಟೆಯ ಮೇಲೆ ಗೀರುತ್ತೇವೆ. ತಟ್ಟೆಯಲ್ಲಿರುವುದು ಅಗಾರ್ ಎಂಬ, ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಕೆಂಪು ಬಣ್ಣದ ಗಟ್ಟಿ ಲೋಳೆ. ಇ. ಕೊಲೈ ಆದರೆ ಗುಲಾಬಿ ಚುಕ್ಕೆಗಳಾಗಿ ಬೆಳೆಯುತ್ತದೆ. ಟೈಫಿ ಬಣ್ಣವಿಲ್ಲದೆ, ಇಬ್ಬನಿ ಹನಿಯ ಹಾಗೆ ಕೂರುತ್ತದೆ. ಆಮೇಲೆ ಅದನ್ನು ಒಂದು ಗಾಜಿನ ನಳಿಗೆಯಲ್ಲಿರುವ ಬಣ್ಣದ ಅಗಾರ್‌ಗೆ ಚುಚ್ಚುತ್ತೇವೆ. ಮಾರನೇ ದಿನ ಮೇಲ್ಭಾಗ ಕೆಂಪಗೆ, ಕೆಳಭಾಗ ಹಳದಿ, ಎರಡೂ ಸೇರುವ ಕಡೆ ತೆಳ್ಳಗೆ ಮೀಸೆ ತೀಡಿದಂತೆ ಒಂದು ಕಪ್ಪು ಗೆರೆ. ಆ ಗೆರೆ ಕಂಡಾಗ ಲ್ಯಾಬಿನಲ್ಲಿ ಎಲ್ಲರೂ ಬಂದು ಒಮ್ಮೆ ನೋಡಿ ಹೋಗುತ್ತಾರೆ. ಟೈಫಿಯ ಗುರುತು ಅದು. ಇನ್ನೂ ಪರೀಕ್ಷೆಗಳಿವೆ, ಆದರೆ ಅನುಭವದ ಕಣ್ಣಿಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಕೊನೆಗೆ ಔಷಧಿ ಹಚ್ಚಿದ ಕಾಗದದ ಬಿಲ್ಲೆಗಳನ್ನು ಇಟ್ಟು ನೋಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ದುಂಡನೆಯ ಬಯಲು. ಕೆಲಸ ಮಾಡದಿದ್ದರೆ ಬಿಲ್ಲೆಯ ಅಂಚಿನ ತನಕ ಮುತ್ತಿಕೊಂಡಿರುತ್ತದೆ. ರೋಗಿಗೆ ಯಾವ ಔಷಧಿ ಕೊಡಬೇಕು ಎಂಬುದಕ್ಕೆ ಇವತ್ತಿಗೂ ಇದೇ ಆಧಾರ. ಜೀನೋಮ್ ಬಂದಿದೆ ಅಂತ ಇದನ್ನು ಬಿಡುವ ಹಾಗಿಲ್ಲ.

ಸೀಕ್ವೆನ್ಸಿಂಗ್ ಶುರುವಾಗುವುದು ಇಲ್ಲಿಂದ ಮುಂದೆ. ಬೆಳೆದ ಬ್ಯಾಕ್ಟೀರಿಯಾವನ್ನು ಒಡೆದು ಡಿಎನ್‌ಎ ಬೇರ್ಪಡಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಯಂತ್ರಗಳಿಗೆ ಪೂರ್ತಿ ಎಳೆಯನ್ನು ಒಂದೇ ಸಲ ಓದಲು ಬರುವುದಿಲ್ಲ. 150 ಅಕ್ಷರದಷ್ಟು ತುಂಡುಗಳಾಗಿ ಓದುತ್ತವೆ. ಒಂದೇ ಗ್ರಂಥದ ನೂರು ಪ್ರತಿಗಳನ್ನು ಅಡ್ಡಾದಿಡ್ಡಿ ಕತ್ತರಿಸಿ ರಾಶಿ ಹಾಕಿದ್ದಾರೆ ಅಂದುಕೊಳ್ಳಿ. ಒಂದು ಚೂರಿನ ಬಾಲ ಇನ್ನೊಂದರ ತಲೆಗೆ ಹೊಂದುವುದನ್ನು ಹುಡುಕಿ ಕಂಪ್ಯೂಟರ್ ಪೂರ್ತಿ ಪುಸ್ತಕ ಜೋಡಿಸುತ್ತದೆ. ಪ್ರತಿಯೊಂದು ಅಕ್ಷರವನ್ನೂ ಹತ್ತಾರು ಸಲ ಓದಿರುವುದರಿಂದ ಯಂತ್ರದ್ದೇ ಓದಿನ ತಪ್ಪು ಯಾವುದು, ಬ್ಯಾಕ್ಟೀರಿಯಾದ ನಿಜವಾದ ತಪ್ಪು ಯಾವುದು ಅಂತ ಬೇರೆ ಮಾಡಬಹುದು. ಇನ್ನೊಂದು ಬಗೆಯ ಯಂತ್ರವೂ ಇದೆ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಡಿಎನ್‌ಎ ಎಳೆ ಒಂದು ಸೂಕ್ಷ್ಮ ತೂತಿನಲ್ಲಿ ನುಸುಳುವಾಗ ವಿದ್ಯುತ್ತಿನಲ್ಲಿ ಆಗುವ ಏರಿಳಿತ ನೋಡಿ ಅಕ್ಷರ ಗುರುತಿಸುತ್ತದೆ. ಉದ್ದನೆಯ ತುಂಡುಗಳನ್ನು ಓದುವುದರಿಂದ ಪ್ಲಾಸ್ಮಿಡ್ ಬಳೆಗಳನ್ನು ಹಿಡಿಯಲು ಇದು ಬಹಳ ಅನುಕೂಲ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಂಶೋಧನಾ ಲ್ಯಾಬ್ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಜೀನೋಮ್ ಓದುವ ಕೆಲಸದಲ್ಲಿ ತೊಡಗಿದೆ.

ಈಗ ಅಕ್ಕನ ಓಣಿಗೆ ಬರೋಣ. ಎಲ್ಲವೂ ಸರಿಯಾಗಿ ನಡೆದಿದ್ದರೆ ಏನಾಗುತ್ತಿತ್ತು, ಸುಮ್ನೆ ಊಹಿಸಿ ನೋಡಿ. ಐದೂ ಮಕ್ಕಳ ರಕ್ತ ಮೊದಲೇ ಬಾಟಲಿಗೆ ಹೋಗಿದೆ, ಐದರಲ್ಲೂ ಟೈಫಿ ಸಿಕ್ಕಿದೆ. ನಾಲ್ಕರ ಜೀನೋಮ್ ತದ್ರೂಪ. ಐದನೆಯದರಲ್ಲಿ 35 ಅಕ್ಷರ ಬೇರೆ. ಐದನೇ ಮಗುವನ್ನು ಈ ಲೆಕ್ಕದಿಂದ ತೆಗೆದು ಪಕ್ಕಕ್ಕಿಡಬಹುದು. ಆ ಮಗು ರಜೆಗೆ ಪುಣೆಗೋ ಗೋವಾಕ್ಕೋ ಹೋಗಿತ್ತೇನೋ, ಬೇರೆ ವಿಚಾರಣೆ ಆಗಬೇಕು. ಉಳಿದ ನಾಲ್ವರಿಗೂ ಏನು ಸಮಾನ ಅಂತ ಕೇಳಿದರೆ, ಶಾಲೆ ಬೇರೆ ಬೇರೆ, ತಿಂದದ್ದು ಬೇರೆ ಬೇರೆ, ನೀರಿನ ಪೈಪು ಮಾತ್ರ ಒಂದೇ. ಪೈಪು ಗಟಾರ ದಾಟುವ ಕಡೆ ಅಗೆದು ನೋಡುತ್ತಾರೆ. ಐದನೆಯದನ್ನೂ ಸೇರಿಸಿಕೊಂಡಿದ್ದರೆ ಲೆಕ್ಕ ಕಲಸಿಹೋಗುತ್ತಿತ್ತು. ಜೀನೋಮ್ ಮಾಡುವ ಉಪಕಾರ ಇದು. ಯಾರನ್ನು ಒಟ್ಟಿಗೆ ಎಣಿಸಬೇಕು, ಯಾರನ್ನು ಬಿಡಬೇಕು ಅಂತ ಖಚಿತವಾಗಿ ಹೇಳುತ್ತದೆ.

ನೀರು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರುಗಳ ಎಷ್ಟೋ ಬಡಾವಣೆಗಳಲ್ಲಿ ಮೂರು ದಿನಕ್ಕೋ ವಾರಕ್ಕೋ ಒಮ್ಮೆ ನೀರು ಬಿಡುತ್ತಾರೆ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಸಣ್ಣ ಬಿರುಕಿದ್ದರೂ ಸುತ್ತಲಿನ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಬರುವುದು ಅದೇ. ಒತ್ತಡದ ಲೆಕ್ಕ ವಿಜಯಪುರಕ್ಕೆ ಹೊಸದೇನಲ್ಲ. ಆದಿಲ್‌ಶಾಹಿಗಳು ಕೊಳವೆಗಳಲ್ಲಿ ಒತ್ತಡ ಹದವಾಗಿರಲೆಂದೇ 'ಗಂಜ್' ಎಂಬ ನೀರಿನ ಗೋಪುರಗಳನ್ನು ಕಟ್ಟಿಸಿದ್ದರು, ಕೆಲವು ಇನ್ನೂ ನಿಂತಿವೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ಮೊದಲ ಬಾರಿ ದಿನದ 24 ತಾಸೂ ನೀರು ಕೊಟ್ಟರಲ್ಲ, ಆಗ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಬಗೆಯ ಮನೆಗಳನ್ನು ಹೋಲಿಸಿ ನೋಡಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಕ್ಕಳ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ 24 ತಾಸೂ ನೀರು ಬರುವ ಮನೆಗಳವರು ಹೇಳಿದ ಟೈಫಾಯಿಡ್ ಪ್ರಮಾಣ ಸುಮಾರು ಶೇ. 40ರಷ್ಟು ಕಡಿಮೆ ಇತ್ತು. ಔಷಧಿಗೆ ಬಗ್ಗದ ಟೈಫಿಯೂ ಬರುವುದು ಅದೇ ಬಿರುಕಿನಿಂದ.

ಮೂಲ ಪೈಪಿನಲ್ಲೇ ಇರಬೇಕು ಅಂತಲೂ ಇಲ್ಲ. ಜ್ವರ ಬಿಟ್ಟ ಮೇಲೂ ನೂರರಲ್ಲಿ ಎರಡು-ಮೂರು ಜನರ ಪಿತ್ತಕೋಶದಲ್ಲಿ ಟೈಫಿ ವರ್ಷಗಟ್ಟಲೆ ಉಳಿಯುತ್ತದೆ. ಅವರಿಗೆ ಮೈಯಲ್ಲಿ ಏನೂ ಕಾಣಿಸುವುದಿಲ್ಲ. ಅವರು ಮದುವೆ ಮನೆಯಲ್ಲಿ, ಹಾಸ್ಟೆಲಿನಲ್ಲಿ ಅಡಿಗೆ ಮಾಡುವವರಾದರೆ ಗೊತ್ತಿಲ್ಲದೆಯೇ ಹರಡುತ್ತದೆ. ಅದರಲ್ಲಿ ಅವರ ತಪ್ಪಿಲ್ಲ, ಚಿಕಿತ್ಸೆ ಇದೆ. ಎಂಟು ವರ್ಷ ಬಿಟ್ಟು ಅದೇ ಊರಲ್ಲಿ ಹಳೆಯ ತಳಿಯೇ ಮೂರ್ನಾಲ್ಕು ಅಕ್ಷರದ ವ್ಯತ್ಯಾಸದಲ್ಲಿ ಮತ್ತೆ ಕಂಡರೆ, ಇಂಥ ಒಬ್ಬರು ಇರಬಹುದು ಅಂತ ಅನುಮಾನಪಡಬಹುದು. ಟೈಫಿ ಮನುಷ್ಯರಲ್ಲಿ ಬಿಟ್ಟು ಬೇರೆ ಯಾವ ಪ್ರಾಣಿಯಲ್ಲೂ ಬಾಳುವುದಿಲ್ಲ. ಅದರ ಜೀನೋಮಿನಲ್ಲಿ 200ಕ್ಕೂ ಹೆಚ್ಚು ಜೀನ್‌ಗಳು ಕೆಟ್ಟುಹೋಗಿವೆ. ನಮ್ಮ ಮೈಯೊಂದಕ್ಕೇ ಒಗ್ಗಿಕೊಂಡು ಉಳಿದದ್ದನ್ನು ಕಳೆದುಕೊಂಡಿದೆ. ನನಗೆ ಇದರಲ್ಲಿ ಆಸೆ ಕಾಣುತ್ತದೆ. ಹುಡುಕಿದರೆ ಕೊನೆಗೆ ಸಿಗುವುದು ಒಬ್ಬ ಮನುಷ್ಯ ಅಥವಾ ಒಂದು ಪೈಪು, ಕಾಡಿನ ಬಾವಲಿ ಅಲ್ಲ.

ಜೀನೋಮಿಗೆ ಆಗದ ಕೆಲಸವೂ ಇದೆ. ಎರಡು ವರ್ಷಕ್ಕೆ ಒಂದು ಅಕ್ಷರ ಅಂದರೆ ಒಂದು ತಿಂಗಳಲ್ಲಿ ಹಬ್ಬಿದ ಜ್ವರದಲ್ಲಿ ಎಲ್ಲವೂ ತದ್ರೂಪವೇ ಬರುತ್ತವೆ. ಯಾರಿಂದ ಯಾರಿಗೆ ಅಂತ ಅದು ಹೇಳಲಾರದು. ಮನೆ ಮನೆಗೆ ಹೋಗಿ 'ಯಾವ ನೀರು ಕುಡಿದಿರಿ, ಎಲ್ಲಿ ಊಟ ಮಾಡಿದಿರಿ, ಜ್ವರ ಯಾವ ದಿನ ಶುರುವಾಯಿತು' ಅಂತ ಕೇಳುವ ಆಶಾ ಕಾರ್ಯಕರ್ತೆಯ ನೋಟ್‌ಬುಕ್ ಜೊತೆಗಿದ್ದರಷ್ಟೇ ಜೀನೋಮಿಗೆ ಅರ್ಥ. ಊರು, ತಾರೀಖು ಇಲ್ಲದ ಜೀನೋಮ್ ವಿಳಾಸ ಇಲ್ಲದ ಕಾಗದ ಇದ್ದ ಹಾಗೆ.

ಮತ್ತೆ ಎಲ್ಲದಕ್ಕೂ ಮೊದಲು ಆ ಬಾಟಲಿ. ವಿಡಾಲ್ ಪರೀಕ್ಷೆ 1896ರದ್ದು. ಅದು ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ನಮ್ಮ ರಕ್ತದ ಪ್ರತಿಕ್ರಿಯೆಯನ್ನು. ಹಿಂದೆಂದೋ ಬಂದ ಜ್ವರಕ್ಕೂ, ಬೇರೆ ಸೋಂಕಿಗೂ ಪಾಸಿಟಿವ್ ಬರಬಹುದು. ಅದರಲ್ಲಿ ಓದಲು ಜೀನೋಮ್ ಇಲ್ಲ, ಬಿಲ್ಲೆ ಇಟ್ಟು ನೋಡಲು ಬ್ಯಾಕ್ಟೀರಿಯಾ ಇಲ್ಲ. ಬ್ಲಡ್ ಕಲ್ಚರ್ ಕೂಡ ಹತ್ತು ಟೈಫಾಯಿಡ್ ರೋಗಿಗಳಲ್ಲಿ ಐದಾರು ಜನರದ್ದನ್ನಷ್ಟೇ ಹಿಡಿಯುತ್ತದೆ. ಮೊದಲೇ ಆಂಟಿಬಯಾಟಿಕ್ ಬಿದ್ದಿದ್ದರೆ ಅದೂ ಇಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಕಲ್ಚರ್ ಮಾಡುವ ಲ್ಯಾಬುಗಳಿವೆ. ರಕ್ತ ಅಲ್ಲಿಗೆ ಮುಟ್ಟುವ ಹೊತ್ತಿಗೆ ನಾಲ್ಕು ದಿನದ ಗುಳಿಗೆ ಆಗಿಹೋಗಿರುತ್ತದೆ ಎಂಬುದೇ ನನ್ನ ಸಂಕಟ.

ಈ ವರ್ಷ ಜೂನ್‌ನಲ್ಲಿ ಅಕ್ಕನ ಮಗಳಿಗೆ ಜ್ವರ ಬಂತು. ಮೂರನೇ ದಿನ ದವಾಖಾನೆಗೆ ಹೋದ ಅಕ್ಕ, ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದ ಡಾಕ್ಟರಿಗೆ ಕೈ ಮುಗಿದು ಹೇಳಿದಳಂತೆ: "ಸರ್, ಮೊದ್ಲ ಕಲ್ಚರಿಗೆ ರಕ್ತ ತಗೋರಿ, ಆಮ್ಯಾಲ ಸೂಜಿ ಮಾಡ್ರಿ." ಅವರು ಒಂದು ಕ್ಷಣ ನೋಡಿ, ಸಿರಿಂಜ್ ಕೆಳಗಿಟ್ಟು, ಲ್ಯಾಬಿಗೆ ಚೀಟಿ ಬರೆದುಕೊಟ್ಟರು. ಬಾಟಲಿಯ ಮೇಲೆ ಹುಡುಗಿಯ ಹೆಸರು, ವಯಸ್ಸು, ತಾರೀಖು ಬರೆದರು. ಕೆಳಗೆ ಓಣಿಯ ಹೆಸರನ್ನೂ ಅಕ್ಕ ಹೇಳಿ ಬರೆಸಿದಳು.